ಅವ್ವ ಎದ್ದು ನಡೆಯುತ್ತಿದ್ದಾಳೆ, ಎಲ್ಲರಿಗೂ ವಂದನೆಗಳು

ಅವ್ವ ಈಗ ವಾಕರ್ ಬಿಟ್ಟು ಕೋಲು ಹಿಡಿದಿದ್ದಾಳೆ. ಹೋದ ಭಾನುವಾರ ಬೀದರಿನ ಮಂಗಲಪೇಟ್ ಚರ್ಚಿಗೂ ಬಂದಳು. ನೀವೆಲ್ಲ ಸುತ್ತುವರಿದಾಗ ನನಗೆ ಮಾತೇ ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಸೊಂಟದ ಮೂಳೆ ಮುರಿದದ್ದು ಡಿಸೆಂಬರಿನಲ್ಲಿ. ಬೀದರ್ ಕಡೆ ತೊಗರಿ ಕೊಯ್ಯುವ ಹೊತ್ತು, ಚರ್ಚಿನ ಸಭೆಯಲ್ಲಿ ಕ್ರಿಸ್ಮಸ್ ಓಡಾಟ. ಅತ್ತ ಆಪರೇಷನ್, ಇತ್ತ ಹೊಲದಲ್ಲಿ ಒಣಗಿ ನಿಂತ ತೊಗರಿ. ಕಾಯಿ ಸಿಡಿದರೆ ಕಾಳು ಮಣ್ಣುಪಾಲು. "ಏನಾದ್ರೂ ಬೇಕಾದ್ರೆ ಹೇಳಿ" ಅಂತ ಫೋನ್ ಮಾಡಿದವರು ಬಹಳ ಮಂದಿ. ನಮ್ಮ ಸಭೆಯ ಹುಡುಗರು ಕೇಳಲೇ ಇಲ್ಲ. ರಾತ್ರಿ ಮನೆಮನೆಗೆ ಹೋಗಿ ಕ್ಯಾರಲ್ ಹಾಡಿದವರು ಬೆಳಿಗ್ಗೆ ಕುಡುಗೋಲು ಹಿಡಿದು ನಮ್ಮ ಹೊಲದಲ್ಲಿದ್ದರು. ರಾಶಿಗೆ ಬಾಜೂ ಹೊಲದ ಕಾಕಾ ಮಷೀನ್ ತಂದರು. ಡೀಸೆಲ್ ದುಡ್ಡು ಕೊಡಲು ಹೋದರೆ ಬೈದರು. ಅವರು ಕೊರಳಲ್ಲಿ ಲಿಂಗ ಕಟ್ಟಿದವರು. ಬೈಬಲಿನ ಕಥೆಯಲ್ಲಿ ಗಾಯಗೊಂಡವನನ್ನು ಎತ್ತಿಕೊಂಡು ಹೋಗಿ ಛತ್ರದ ಖರ್ಚೂ ಕೊಟ್ಟ ಸಮಾರ್ಯದವನು ಕೂಡ ಹೊರಗಿನವನೇ ಅಲ್ವಾ?

ಇನ್ನು ಸಭೆಯ ಅಕ್ಕಂದಿರು. ಪಾಳಿ ಹಚ್ಚಿಕೊಂಡು ಆಸ್ಪತ್ರೆಯಲ್ಲಿ ರಾತ್ರಿ ಕಳೆದರು. ಬೆಡ್‌ಪ್ಯಾನ್ ಎತ್ತಿದರು. ಬೆನ್ನು ಹುಣ್ಣಾಗಬಾರದು ಅಂತ ಎರಡು ತಾಸಿಗೊಮ್ಮೆ ನರ್ಸ್ ಜೊತೆ ಸೇರಿ ಮಗ್ಗುಲು ಬದಲಿಸಿದರು. ಒಬ್ಬ ಅಕ್ಕ ಅವ್ವನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಗಂಟುಗಟ್ಟಿದ ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸಿ, ಇಲಿಬಾಲದಂಥ ಬಿಳಿ ಜಡೆ ಹಾಕಿದಳು. ಅಲ್ಲಿಯವರೆಗೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ ಅವ್ವ ಆವತ್ತು ಕನ್ನಡಿ ಕೇಳಿದಳು. ಆಮೇಲೆ ಚಹಾ ಕೇಳಿದಳು. ಸಕ್ಕರೆ ಕಮ್ಮಿ ಅಂತ ಜಗಳವನ್ನೂ ತೆಗೆದಳು!

ಮೆಥೋಡಿಸ್ಟ್ ಕ್ರೈಸ್ತ ಪಂಥದ ಮೂಲಪುರುಷ ಜಾನ್ ವೆಸ್ಲಿ 1786ರ ಪ್ರಸಂಗವೊಂದರಲ್ಲಿ ಇದನ್ನೇ ಪಟ್ಟು ಹಿಡಿದು ಹೇಳಿದ್ದರು. ದೂರದಿಂದ ನೆರವು ಕಳಿಸಿದರೆ ಅದು ರೋಗಿಯನ್ನು ಕಂಡಂತಲ್ಲ, ನೀವೇ ಹೋಗಿ ಎಂದು. ಅವರು ಹೇಳಿದ್ದು ಬಡವರ ಮನೆಗಳಿಗೆ ಕಾಲಿಡದ ಉಳ್ಳವರಿಗೆ. ನಮ್ಮ ಅಕ್ಕಂದಿರಲ್ಲಿ ಹೆಚ್ಚಿನವರು ದಿನಗೂಲಿಯವರು. ಒಂದು ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ಕೂಲಿಗೇ ಪೆಟ್ಟು. ಅದನ್ನು ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೇ ಲೆಕ್ಕ ಹಾಕಿದ್ದು.

ದಿಂಬಿನ ಕೆಳಗೆ ಹೆಸರಿಲ್ಲದ ಲಕೋಟೆ ಇಟ್ಟು ಹೋದವರೇ, ನೀವು ಯಾರೆಂದು ಹುಡುಕುವುದಿಲ್ಲ. ಎಡಗೈಗೂ ತಿಳಿಯಬಾರದು ಅಂತ ಕೊಟ್ಟದ್ದಲ್ವಾ. ಸಿಖ್ಖರ ನಾನಕ್ ಝಿರಾ ಗುರುದ್ವಾರದ ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಪಂಕ್ತಿಯಲ್ಲಿ, ಉಂಡ ಅನ್ನದ ಋಣವೂ ನಮ್ಮ ಮೇಲಿದೆ.

ಕೊನೆಗೊಂದು ಮಾತು. ರೊಟ್ಟಿ, ಪುಂಡಿಪಲ್ಯ ತಂದ ಸ್ಟೀಲ್ ಡಬ್ಬಿಗಳೆಲ್ಲ ನಮ್ಮಲ್ಲೇ ಉಳಿದಿವೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವ್ವ ಎಲ್ಲದಕ್ಕೂ ಹೊಸ ತೊಗರಿಬೇಳೆ ತುಂಬಿಸಿಟ್ಟಿದ್ದಾಳೆ. ಭಾನುವಾರ ಆರಾಧನೆ ಮುಗಿಸಿ ಮನೆಗೆ ಬನ್ನಿ. ಯಾವ ಮುಚ್ಚಳ ಯಾವ ಡಬ್ಬಿಯದು ಅಂತ ನೀವೇ ನೋಡಿಕೊಳ್ಳಬೇಕು.