ಗೆಳೆಯನಿಗೊಂದು ಪತ್ರ: ‘ಏನೋ ಮಾಡಿರ್ತಾರೆ ಬಿಡು’

ದೊರೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಕೇಳಿದರೆ ‘ಬದುಕಿರುವವರ ಪಟ್ಟಿಯಲ್ಲಿ ಇನ್ನೂ ಹೆಸರಿದೆ’ ಅನ್ನುತ್ತೀಯ, ನನಗೆ ನಗು ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಈ ಸಲ ಮುಗಿಯಬಾರದು. ಬೇಕೆಂದೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ, ಬೈಯಬೇಡ. ನಮ್ಮಿಬ್ಬರ ನಡುವೆಯೇ ಇಟ್ಟುಕೊಂಡರೆ ನಮ್ಮ ನೂರೆಂಟು ಅರ್ಧಂಬರ್ಧ ಮಾತುಗಳ ಜೊತೆ ಇದೂ ಸೇರಿಹೋಗುತ್ತದೆ.

ಮೊನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, ಕೆಟ್ಟ ಯೋಚನೆಗಳೂ ವೈರಸ್ಸಿನ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುತ್ತವೆ ಅಂತ. ನಾನು ಹೂಂ ಅಂದು ಇಟ್ಟುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ನಿನ್ನ ಮನಸ್ಸಿನಲ್ಲಿದ್ದದ್ದು ದೊಡ್ಡ ದೊಡ್ಡ ರೋಗಗಳು: ದ್ವೇಷ, ಜನಾಂಗದ ಸೊಕ್ಕು, ಗುಂಪು ಕಟ್ಟಿಕೊಂಡು ಹೊಡೆಯುವ ಹುಚ್ಚು. ಅವು ಭಯಂಕರವೇ. ಆದರೆ ಬಂದಾಗ ಬಂದವು ಅಂತ ಗೊತ್ತಾಗುತ್ತದೆ, ಹೆಸರಿಟ್ಟು ಬೈಯಬಹುದು. ನನ್ನನ್ನು ಕಾಡುತ್ತಿರುವುದು ತೀರಾ ಸಣ್ಣದು, ಒಳ್ಳೆಯವರ ಬಾಯಲ್ಲೇ ಹೆಚ್ಚು ಓಡಾಡುವಂಥದ್ದು. ಯಾರಿಗೋ ಏನೋ ಕೆಟ್ಟದ್ದಾಯಿತೆಂದು ಸುದ್ದಿ ಬರುತ್ತದೆ. ಒಂದು ಕ್ಷಣ ‘ಅಯ್ಯೋ ಪಾಪ’. ಮರುಕ್ಷಣವೇ, ‘ಸುಮ್ಮಸುಮ್ಮನೆ ಯಾರಿಗೂ ಹಾಗಾಗೋದಿಲ್ಲ, ಏನೋ ಮಾಡಿರ್ತಾರೆ ಬಿಡು.’

ಶ್ವಾಸಕೋಶದ ಕ್ಯಾನ್ಸರ್ ಅಂದರೆ ‘ಸಿಗರೇಟು ಸೇದುತ್ತಿದ್ದನಾ?’ ಮನೆಗೆ ಕನ್ನ ಹಾಕಿದರು ಅಂದರೆ ‘ಬೀಗ ಸರಿಯಾಗಿ ಹಾಕಿರಲಿಲ್ಲವೇನೋ.’ ಹೆಣ್ಣುಮಗಳ ಮೇಲೆ ಯಾರೋ ಕೈಮಾಡಿದರು ಅಂದರೆ ‘ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ?’ ನೋಡಲು ಇವು ಪ್ರಶ್ನೆಗಳು. ಕೇಳುವವರಿಗೆ ಬೇಕಿರುವುದು ಮಾತ್ರ ಧೈರ್ಯ. ಅವನು ಸೇದುತ್ತಿದ್ದ, ನಾನು ಸೇದುವುದಿಲ್ಲ. ಹಾಗಾಗಿ ಆ ರೋಗ ನನ್ನ ಮನೆಯ ಬಾಗಿಲು ತಟ್ಟುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂದುಬಿಟ್ಟರೆ ಉಣ್ಣುತ್ತಿರುವವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಸಮಾಧಾನ. ಈ ಯೋಚನೆ ಇಷ್ಟು ಸಲೀಸಾಗಿ ಅಂಟುವುದು ಅದರಿಂದ ಸಿಗುವ ಈ ಸಮಾಧಾನಕ್ಕಾಗಿಯೇ ಎಂದು ನನಗೀಗ ಖಾತ್ರಿಯಾಗಿದೆ.

1966ರಲ್ಲಿ ಮೆಲ್ವಿನ್ ಲರ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿ ಸಿಮನ್ಸ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ಹುಡುಗಿಯರನ್ನು ಕೂರಿಸಿ, ಇನ್ನೊಬ್ಬ ಹುಡುಗಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ತಿಂದು ನರಳುವುದನ್ನು ತೋರಿಸಿದರು. ಶಾಕ್ ಸುಳ್ಳು, ನರಳಾಟ ನಟನೆ. ನೋಡುತ್ತಿದ್ದವರಿಗೆ ಅದು ಗೊತ್ತಿರಲಿಲ್ಲ. ಕೆಲವರಿಗೆ ಆಕೆಯನ್ನು ಶಾಕಿನಿಂದ ಬಿಡಿಸುವ ಅವಕಾಶವಿತ್ತು. ಅವರಲ್ಲಿ ಹೆಚ್ಚಿನವರು ಬಿಡಿಸಿದರು. ಇನ್ನು ಕೆಲವರ ಕೈಯಲ್ಲಿ ಏನೂ ಇರಲಿಲ್ಲ. ಇನ್ನೊಂದು ಸುತ್ತು ಶಾಕ್ ಬಾಕಿ ಇದೆ ಎಂದು ಗೊತ್ತಿದ್ದೂ ಕೂತಿರಬೇಕಿತ್ತು. ಕೊನೆಗೆ ಆ ಹುಡುಗಿ ಎಂಥವಳು ಅನ್ನಿಸಿತು ಎಂದು ಕೇಳಿದಾಗ, ಏನೂ ಮಾಡಲಾಗದೆ ಕೂತವರು ಆಕೆಯನ್ನು ಕೀಳಾಗಿ ಕಂಡರು. ಮತ್ತೊಂದು ಗುಂಪಿಗೆ, ಆಕೆಗೆ ಮನಸ್ಸಿಲ್ಲದಿದ್ದರೂ ನಿಮ್ಮ ಸಲುವಾಗಿ ಒಪ್ಪಿಕೊಂಡಳು ಎಂದು ತೋರಿಸಿದ್ದರು. ಎಲ್ಲರಿಗಿಂತ ಕಡೆಯಾಗಿ ಆಕೆಯನ್ನು ಕಂಡದ್ದು ಆ ಗುಂಪು.

ಈ ಕೊನೆಯ ಸಾಲನ್ನು ಎರಡು ಸಲ ಓದಿಕೊಂಡೆ. ತಮಗಾಗಿ ನೋವುಂಡವಳನ್ನೇ ಹೆಚ್ಚು ಹಳಿದರಲ್ಲ! ಆ ಹುಡುಗಿಯರು ಕ್ರೂರಿಗಳೇನಲ್ಲ, ಬಿಡಿಸುವ ದಾರಿ ಇದ್ದವರು ಬಿಡಿಸಿದ್ದಾರೆ. ಕೈ ಕಟ್ಟಿಹಾಕಿದಾಗ, ನೋಡುವ ಸಂಕಟ ತಡೆಯಲಾಗದೆ ಮನಸ್ಸು ತನಗೊಂದು ಕಥೆ ಕಟ್ಟಿಕೊಂಡಿತು: ಅವಳೇ ಸರಿಯಿಲ್ಲ. ದಿನಕ್ಕೆ ಎಷ್ಟು ಸಂಕಟಗಳನ್ನು ನಾವು ಹೀಗೇ ಕೂತಲ್ಲೇ ಕೂತು, ಬೆರಳಿನಲ್ಲಿ ಮೇಲೆ ತಳ್ಳುತ್ತಾ ನೋಡುತ್ತೇವೆ, ಯೋಚಿಸು.

ಈಗ ನಿನ್ನ ವೈರಸ್ ಮಾತಿಗೆ ಬರುತ್ತೇನೆ. ನಿಜವಾದ ವೈರಸ್ಸೂ ಈ ಯೋಚನೆಯೂ ಒಟ್ಟಿಗೇ ಹೊರಟ ಒಂದು ಕಾಲವಿತ್ತು. ಏಡ್ಸ್ ರೋಗದ ಮೊದಲ ವರದಿ ಬಂದದ್ದು 1981ರಲ್ಲಿ. ಮೊದಮೊದಲು ಕಾಣಿಸಿದ್ದು ಸಲಿಂಗಿ ಗಂಡಸರಲ್ಲಿ, ಹಾಗಾಗಿ ಶುರುವಿಗೆ ಅವರ ಹೆಸರನ್ನೇ ರೋಗಕ್ಕೆ ಅಂಟಿಸಿದರು. ‘ಮಾಡಿದ್ದನ್ನು ಉಣ್ಣುತ್ತಿದ್ದಾರೆ’ ಎಂಬ ಮಾತಿಗೆ ಇನ್ನೇನು ಬೇಕು? ಅಷ್ಟರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಊರಿನಲ್ಲಿ ರಯಾನ್ ವೈಟ್ ಎಂಬ ಹುಡುಗನಿಗೆ ರೋಗ ಪತ್ತೆಯಾಯಿತು. 1984ರ ಡಿಸೆಂಬರ್, ಅವನಿಗೆ ಹದಿಮೂರು. ಹುಟ್ಟಿನಿಂದ ಹಿಮೋಫಿಲಿಯಾ ಇದ್ದ ಹುಡುಗ. ರಕ್ತ ಹೆಪ್ಪುಗಟ್ಟಲೆಂದು ಕೊಡುತ್ತಿದ್ದ ಔಷಧಿಯಲ್ಲೇ ವೈರಸ್ ಬಂದಿತ್ತು. ಇನ್ನು ಆರು ತಿಂಗಳು ಅಂದರು ವೈದ್ಯರು. ಅವನು ಕೇಳಿದ್ದು ಒಂದೇ, ಶಾಲೆಗೆ ಹೋಗಬೇಕು ಅಂತ.

ಶಾಲೆ ಬೇಡ ಅಂದಿತು. 117 ಪೋಷಕರು, 50 ಶಿಕ್ಷಕರು ಸೇರಿಸಬೇಡಿ ಎಂದು ಸಹಿ ಹಾಕಿದರು. ಜೊತೆಯಲ್ಲಿ ಕೂತರೆ, ಮುಟ್ಟಿದರೆ ರೋಗ ಬರುವುದಿಲ್ಲ ಎಂದು ಆರೋಗ್ಯ ಇಲಾಖೆಯವರೇ ಹೇಳುತ್ತಿದ್ದರು. ಆದರೂ ಅವನು ಮನೆಮನೆಗೆ ಹಾಕುತ್ತಿದ್ದ ಪೇಪರನ್ನು ಎಷ್ಟೋ ಜನ ನಿಲ್ಲಿಸಿದರು, ಕಾಗದದಿಂದ ರೋಗ ಅಂಟೀತೆಂದು. ಮನೆಯ ಕಿಟಕಿಗೆ ಗುಂಡು ಬಿತ್ತು. 1988ರಲ್ಲಿ ಅಧ್ಯಕ್ಷರು ನೇಮಿಸಿದ್ದ ಏಡ್ಸ್ ಆಯೋಗದ ಮುಂದೆ ಅವನೇ ಇದನ್ನೆಲ್ಲ ಹೇಳಿದ: ತಾನು ಜನರನ್ನು ಕಚ್ಚುತ್ತೇನೆ, ತರಕಾರಿಯ ಮೇಲೆ ಉಗಿಯುತ್ತೇನೆ ಎಂದು ಸುಳ್ಳು ಹಬ್ಬಿಸಿದ್ದನ್ನು, ತನ್ನನ್ನು ತಂಟೆಕೋರ, ತಾಯಿಯನ್ನು ತಾಯಾಗಲು ಯೋಗ್ಯಳಲ್ಲದವಳು ಎಂದು ಕರೆದದ್ದನ್ನು, ಚರ್ಚಿನಲ್ಲಿ ಕೂಡ ಯಾರೂ ತನ್ನ ಕೈ ಕುಲುಕದೇ ಹೋದದ್ದನ್ನು.

ಗಮನಿಸು, ದೊರೆ. ಭಯ ಅರ್ಥವಾಗುತ್ತದೆ. ಹೊಸ ರೋಗ, ಸಾಯಿಸುವ ರೋಗ, ಮನೆಯಲ್ಲಿ ಮಕ್ಕಳಿದ್ದಾರೆ. ಆದರೆ ಬರೀ ಭಯವಾದರೆ ದೂರ ನಿಂತರೆ ಸಾಕಿತ್ತು. ಅವನು ತರಕಾರಿಯ ಮೇಲೆ ಉಗಿಯುತ್ತಾನೆ ಎಂಬ ಕಥೆ ಯಾಕೆ ಬೇಕಾಯಿತು? ಯಾಕೆಂದರೆ ಏನೂ ಮಾಡದ ಮಗುವಿಗೆ ಇಂಥದ್ದು ಬಂತು ಅಂದರೆ ತಮ್ಮ ಮಗುವಿಗೂ ಬರಬಹುದು ಎಂದಾಗುತ್ತದೆ. ಅವನನ್ನು ಕೆಟ್ಟವನನ್ನಾಗಿ ಮಾಡದೆ ಅವರಿಗೆ ರಾತ್ರಿ ನಿದ್ದೆ ಬರುವಂತಿರಲಿಲ್ಲ. ಇತ್ತ ಅವನ ಪರ ನಿಂತವರಲ್ಲೂ ಕೆಲವರು ‘ಈ ಹುಡುಗ ನಿರಪರಾಧಿ’ ಎಂದು ಒತ್ತಿ ಒತ್ತಿ ಹೇಳಿದರು. ಉಳಿದ ರೋಗಿಗಳೆಲ್ಲ ಅಪರಾಧಿಗಳೇ ಹಾಗಾದರೆ? ಆ ಪ್ರೀತಿಯ ಮಾತಿನೊಳಗೂ ಅದೇ ವೈರಸ್. ಹೇಗೆ ಬಂದರೇನು, ಏಡ್ಸ್ ಇರುವ ಎಲ್ಲರ ಹಾಗೆ ನಾನೂ ಒಬ್ಬ ಎಂದು ರಯಾನ್ ಹೇಳುತ್ತಿದ್ದನಂತೆ. ಅವನ ತಾಯಿ ನೆನಪಿಸಿಕೊಂಡಿದ್ದಾರೆ. ಹತ್ತೊಂಬತ್ತು ತುಂಬುವ ಮೊದಲೇ, 1990ರ ಏಪ್ರಿಲಿನಲ್ಲಿ ತೀರಿಕೊಂಡ ಹುಡುಗ ಅವನು. ಅವನಿಗಿದ್ದ ತಿಳಿವು ನನಗೆ ಈ ವಯಸ್ಸಿನಲ್ಲಿ ಬರುತ್ತಿದೆ.

ಇನ್ನೊಂದು ಸಂಗತಿ ಹೇಳಲೇಬೇಕು. 1987ರಲ್ಲಿ ಆ ಕುಟುಂಬ ಊರು ಬಿಟ್ಟು ಅದೇ ರಾಜ್ಯದ ಸಿಸೆರೊ ಎಂಬ ಊರಿಗೆ ಹೋಯಿತು. ಅಲ್ಲಿನ ಶಾಲೆಯಲ್ಲಿ ರೋಗದ ಬಗ್ಗೆ ಮೊದಲೇ ತಿಳಿಸಿಕೊಟ್ಟಿದ್ದರು. ಮೊದಲ ದಿನ ಪ್ರಿನ್ಸಿಪಾಲರೂ ಕೆಲವು ವಿದ್ಯಾರ್ಥಿಗಳೂ ಮುಂದೆ ಬಂದು ಅವನ ಕೈ ಕುಲುಕಿದರು. ಅದೇ ರಾಜ್ಯ, ಅಂಥದ್ದೇ ಜನ. ಹಾಗಾಗಿ ‘ಜನರೇ ಹೀಗೆ, ಏನೂ ಮಾಡೋಕಾಗಲ್ಲ’ ಎಂಬ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಎಷ್ಟು ಸಲ ಹೇಳಿದರೂ.

ಇಂಥ ಮಾತು ಹರಡುವ ಬಗೆಯೂ ವಿಚಿತ್ರ. ನಿನಗೆ ಗಣಿತ ಇಷ್ಟವಲ್ಲವಾ, ಇದನ್ನು ಕೇಳು. ಡೇಲಿ ಮತ್ತು ಕೆಂಡಲ್ ಎಂಬ ಇಬ್ಬರು ಗಣಿತಜ್ಞರು 1964ರಲ್ಲಿ ಗಾಳಿಸುದ್ದಿಯನ್ನು ಸಾಂಕ್ರಾಮಿಕದ ಲೆಕ್ಕಕ್ಕೆ ಹೋಲಿಸಿ ನೋಡಿದರು. ಎರಡಕ್ಕೂ ಒಂದು ವ್ಯತ್ಯಾಸ ಸಿಕ್ಕಿತು. ರೋಗಿ ಹರಡುವುದನ್ನು ನಿಲ್ಲಿಸುವುದು ಮೈ ಗುಣವಾದಾಗ. ಸುದ್ದಿ ಹೇಳುವವನು ನಿಲ್ಲಿಸುವುದು, ಆಗಲೇ ಗೊತ್ತಿರುವ ಇನ್ನೊಬ್ಬ ಎದುರಾದಾಗ: ‘ಓ, ನಿನಗೂ ಗೊತ್ತಾ’ ಅಂದು ಸುಮ್ಮನಾಗುತ್ತಾನೆ. ಆ ಲೆಕ್ಕದಲ್ಲಿ ಸುಮಾರು ಶೇಕಡಾ 20 ಮಂದಿಗೆ ಸುದ್ದಿ ತಲುಪುವುದೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಉಳಿದ ಎಂಬತ್ತು. ಅವರು ಸುಮ್ಮನಾಗಿದ್ದಾರೆ, ಗುಣವಾಗಿಲ್ಲ. ಹೇಳುವ ಉತ್ಸಾಹ ಹೋಗಿದೆ, ನಂಬಿಕೆ ಹಾಗೇ ಕೂತಿದೆ. ಗಾಳಿಸುದ್ದಿ ತಣ್ಣಗಾದಾಗ ‘ಸದ್ಯ, ಮುಗಿಯಿತು’ ಅನ್ನುತ್ತೇವಲ್ಲ, ಅದು ಎಲ್ಲರಿಗೂ ಗೊತ್ತಿರುವ ವಿಷಯವಾಗಿ ಬೇರೂರುವುದು ಆಮೇಲೆಯೇ. ಮತ್ತೆ ಮತ್ತೆ ಕೇಳಿದ್ದು ನಿಜವೆನ್ನಿಸುತ್ತದೆ ಎಂದು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಸರಿಯಾದ ಉತ್ತರ ಗೊತ್ತಿರುವವರೂ ಅದರಿಂದ ಪಾರಾಗುವುದಿಲ್ಲ ಎಂದು 2015ರ ಇನ್ನೊಂದು ಅಧ್ಯಯನ ಹೇಳಿತು.

ಸುಮ್ಮನಿರುವವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಒಳಗೆ ಒಪ್ಪದವರು. ನಾಲ್ಕು ಜನರ ನಡುವೆ ‘ಏನೋ ಮಾಡಿರ್ತಾಳೆ’ ಎಂಬ ಮಾತು ಬೀಳುತ್ತದೆ, ಮೂವರಿಗೆ ಇರಿಸುಮುರಿಸು, ಆದರೆ ಉಳಿದಿಬ್ಬರೂ ಒಪ್ಪಿದ್ದಾರೆಂದು ಒಬ್ಬೊಬ್ಬರೂ ಅಂದುಕೊಂಡು ತಲೆಯಾಡಿಸುತ್ತಾರೆ. ನಿಜದಲ್ಲಿ ಅಲ್ಲಿ ಬಹುಮತ ಯಾರದು? ‘ನನಗೆ ಹಾಗನ್ನಿಸಲ್ಲಪ್ಪ’ ಎಂದು ಒಬ್ಬರು ಬಾಯಿಬಿಟ್ಟರೆ ಉಳಿದಿಬ್ಬರು ಉಸಿರುಬಿಡುತ್ತಾರೆ. ನಾನು ಕಂಡ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಲಸಿಕೆ ಇಲ್ಲ. ನೀನು ಎಷ್ಟೋ ಸಲ ಹಾಗೆ ಬಾಯಿಬಿಟ್ಟವನು.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಇಷ್ಟೆಲ್ಲ ಯಾಕೆ ಓದುತ್ತಾ ಕೂತೆ ಎಂದು ನೀನು ಕೇಳಿಯೇ ಕೇಳುತ್ತೀಯ.

ಕೆಲಸ ಹೋಗಿದೆ ಕಣೋ. ಹೋಗಿ ಕೆಲವು ತಿಂಗಳಾಯಿತು. ಕಂಪನಿಯವರು ಒಂದಿಡೀ ವಿಭಾಗವನ್ನೇ ಮುಚ್ಚಿದರು, ಅದರಲ್ಲಿ ನಾನೂ ಇದ್ದೆ. ಹೇಳಿದವರೆಲ್ಲ ಮೊದಲು ‘ಛೆ’ ಅಂದರು, ಆಮೇಲೆ ಅದೇ ಪ್ರಶ್ನೆ: ‘ಕೆಲವರನ್ನು ಬೇರೆ ಕಡೆ ಹಾಕಿಕೊಂಡರಂತೆ, ನಿನ್ನನ್ನು ಯಾಕೆ ಹಾಕಿಕೊಳ್ಳಲಿಲ್ಲ?’ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಉತ್ತರ ಹುಡುಕತೊಡಗಿದೆ. ಆ ಮೀಟಿಂಗಿನಲ್ಲಿ ಹಾಗೆ ಮಾತಾಡಬಾರದಿತ್ತು, ಆ ತರಬೇತಿಗೆ ಹೋಗಬೇಕಿತ್ತು. ಯಾರೂ ಹೊರಿಸದ ಆರೋಪಗಳನ್ನು ರಾತ್ರಿಯೆಲ್ಲ ಒಂದೊಂದಾಗಿ ನನ್ನ ಮೇಲೆ ಹೇರಿಕೊಂಡೆ. ಅದರಲ್ಲೂ ಒಂದು ಸಮಾಧಾನವಿದೆ ನೋಡು: ತಪ್ಪು ನನ್ನದಾದರೆ ಮುಂದಿನ ಸಲ ತಪ್ಪಿಸಿಕೊಳ್ಳಬಹುದು. ತಪ್ಪೇ ಇಲ್ಲದೆ ಹೀಗಾಯಿತೆಂದರೆ ಕಾಲ ಕೆಳಗೆ ನೆಲವಿಲ್ಲ. ಈ ಯೋಚನೆ ನೊಂದವನೊಳಗೂ ಹೊಕ್ಕು ಮನೆ ಮಾಡುತ್ತದೆ ಎಂದು ನಾನು ಎಲ್ಲೂ ಓದಿ ತಿಳಿಯಬೇಕಾಗಲಿಲ್ಲ.

ನಿನಗೆ ಹೇಳಲಿಲ್ಲ. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಕಾರಣ ಇಷ್ಟೇ: ಎಲ್ಲರೂ ಕೇಳಿದ ಆ ಪ್ರಶ್ನೆಯನ್ನು ನೀನೂ ಕೇಳಿಬಿಟ್ಟರೆ ನಾನು ಪೂರ್ತಿ ನಂಬಿಬಿಡುತ್ತೇನೆ ಅನ್ನಿಸುತ್ತಿತ್ತು. ಬೇರೆಯವರ ಮಾತು ತಡೆದುಕೊಳ್ಳಬಹುದು. ನಿನ್ನದು ಆಗುತ್ತಿರಲಿಲ್ಲ.

ಸರಿ, ಸಾಕು. ಇಷ್ಟು ಹೇಳುವ ಯೋಚನೆ ಇರಲಿಲ್ಲ, ಅದೂ ಎಲ್ಲರ ಮುಂದೆ. ಈಗ ಅಳಿಸುವುದಿಲ್ಲ. ಗಾಬರಿಯಾಗಬೇಡ, ಊಟ ನಿದ್ದೆ ಎಲ್ಲ ಸರಿಯಾಗಿದೆ, ಎರಡು ಕಡೆ ಮಾತುಕತೆ ನಡೆಯುತ್ತಿದೆ. ಬಿಡುವು ಜಾಸ್ತಿ ಇರುವುದರಿಂದ ನಮ್ಮ ಚದುರಂಗದಾಟದಲ್ಲಿ ನಿನ್ನ ಆ ಹದಿನೇಳನೇ ನಡೆಯನ್ನು ಕೂಲಂಕಷವಾಗಿ ನೋಡಿದ್ದೇನೆ. ಅದು ನಡೆಯುವುದಿಲ್ಲ, ದೊರೆ. ಭಾನುವಾರ ಬರುತ್ತೇನೆ, ಬೋರ್ಡು ಇದ್ದ ಹಾಗೇ ಇರಲಿ. ನನ್ನ ಆನೆಯನ್ನು ಸರಿಸಿದ್ದರೆ ಈಗಲೇ ಹೇಳಿಬಿಡು, ನನ್ನ ಹತ್ತಿರ ಫೋಟೋ ಇದೆ.

ನಿನ್ನ
ಬಾಕಿದಾರ