ಜಿರಾಫೆಯ ಪಾಠದಲ್ಲಿ ಮೂಳೆಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಜೀವವಿಕಾಸದ ಮಾತು ಬಂದಾಗಲೆಲ್ಲ ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಅದೇ ಚಿತ್ರ: ಒಂದು ಗಿಡ್ಡ ಕುತ್ತಿಗೆಯ ಜಿರಾಫೆ, ಪಕ್ಕದಲ್ಲಿ ಉದ್ದ ಕುತ್ತಿಗೆಯದು. ಜೀವವಿಕಾಸವನ್ನು ವಿವರಿಸಿದ ವಿಜ್ಞಾನಿಗಳಾದ ಲಾಮಾರ್ಕ್ ಏನಂದ, ಡಾರ್ವಿನ್ ಏನಂದ ಎನ್ನುವಲ್ಲಿಗೆ ವಿಷಯ ಮುಗಿಯುತ್ತದೆ. ಆ ಗಿಡ್ಡ ಜಿರಾಫೆ ಬರೀ ಕಲ್ಪನೆ. ಜಿರಾಫೆಯ ನಿಜವಾದ ದಾಯಾದಿಗಳ ಮೂಳೆಗಳು ಸಿಕ್ಕು ಎಷ್ಟೋ ವರ್ಷಗಳಾಗಿವೆ, ಅವುಗಳ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

ಇಂದು ಈ ಕುಟುಂಬದಲ್ಲಿ ಉಳಿದಿರುವುದು ಜಿರಾಫೆ ಮತ್ತು ಕಾಂಗೋ ಕಾಡಿನ ಒಕಾಪಿ ಎಂಬ ಗಿಡ್ಡ ಕುತ್ತಿಗೆಯ ಪ್ರಾಣಿ ಮಾತ್ರ. ಒಂದು ಕಾಲಕ್ಕೆ ಇವುಗಳ ಬಂಧುಗಳು ಸ್ಪೇನ್‌ನಿಂದ ಚೀನಾದವರೆಗೆ ಹರಡಿದ್ದವು. ಭಾರತದಲ್ಲೂ ಇದ್ದವು. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಮೂಳೆ ಸಿಕ್ಕ, ಈಗ ಅಳಿದುಹೋಗಿರುವ ಶಿವಾಥೀರಿಯಂ ಎಂಬ ಪ್ರಾಣಿಯನ್ನು ಬ್ರಿಟಿಷ್ ಸಂಶೋಧಕರಾದ ಫಾಲ್ಕನರ್ ಮತ್ತು ಕಾಟ್ಲಿ 1836ರಲ್ಲೇ ಲೋಕಕ್ಕೆ ಪರಿಚಯಿಸಿದರು. ಗಿಡ್ಡ ಕುತ್ತಿಗೆ, ದಪ್ಪ ಕಾಲು, ಕಣ್ಣುಗಳ ಮೇಲೆ ಎರಡು ಚಿಕ್ಕ ಕೊಂಬು, ಅವುಗಳ ಹಿಂದೆ ಎರಡು ಅಗಲವಾದ ಭಾರೀ ಕೊಂಬು. ಅದಕ್ಕೆ ಆನೆಯಂತೆ ಸೊಂಡಿಲಿತ್ತೆಂದೂ ಆಗ ಊಹಿಸಿದ್ದರು. ತೂಕ ಸುಮಾರು 1,200 ಕಿಲೋ ಇದ್ದಿರಬೇಕೆಂದು 2016ರ ಅಧ್ಯಯನ ಅಂದಾಜು ಮಾಡಿತು. ಇದರ ಹತ್ತಿರದ ನೆಂಟ ಬ್ರಹ್ಮಥೀರಿಯಂ ಸಿಕ್ಕಿದ್ದು ಖಂಭಾತ್ ಕೊಲ್ಲಿಯ ಪೀರಂ ದ್ವೀಪದಲ್ಲಿ.

ಕುತ್ತಿಗೆ ಉದ್ದವಾದ ಬಗೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಇದೇ ಕುಟುಂಬದ, ಅಳಿದುಹೋದ ಇನ್ನೊಂದು ಪ್ರಾಣಿ ಸ್ಯಾಮೋಥೀರಿಯಂ. ಸುಮಾರು 70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಈ ಪ್ರಾಣಿಯ ಕುತ್ತಿಗೆ ಸುಮಾರು ಒಂದು ಮೀಟರ್. ಒಕಾಪಿಗಿಂತ ಉದ್ದ, ಜಿರಾಫೆಗಿಂತ ಗಿಡ್ಡ. ಜಿರಾಫೆಗೂ ನಮ್ಮಂತೆ ಕುತ್ತಿಗೆಯಲ್ಲಿ ಏಳೇ ಮೂಳೆ, ಒಂದೊಂದೂ ನೀಳವಾದದ್ದಷ್ಟೇ ವ್ಯತ್ಯಾಸ. ಅದೂ ಒಂದೇ ಸಲಕ್ಕೆ ಆದದ್ದಲ್ಲ. ಈ ಕುಟುಂಬದ ಹಲವು ಜೀವಿಗಳ ಮೂರನೇ ಮೂಳೆಯನ್ನು 2015ರಲ್ಲಿ ಅಳೆದು ನೋಡಿದಾಗ ಮೊದಲು ತಲೆಯ ಕಡೆಯ ಭಾಗ ಬೆಳೆದದ್ದು, ಬಹಳ ಕಾಲದ ನಂತರ, ಸುಮಾರು 10 ಲಕ್ಷ ವರ್ಷಗಳ ಹಿಂದೆ, ಬೆನ್ನಿನ ಕಡೆಯ ಭಾಗ ಬೆಳೆದದ್ದು ಕಂಡಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅದೇ ಕುಟುಂಬದ ಕೆಲವು ಕವಲುಗಳಲ್ಲಿ ಕುತ್ತಿಗೆ ಮತ್ತೆ ಗಿಡ್ಡವಾಗಿದೆ. ಎಲ್ಲವೂ ಇಂದಿನ ಜಿರಾಫೆಯ ಕಡೆಗೇ ನಡೆದು ಬಂದವು ಎಂಬ ಭಾವನೆಯನ್ನು ಆ ಹಳೆಯ ಚಿತ್ರ ಹುಟ್ಟಿಸುತ್ತದೆ. ಅದು ತಪ್ಪು.

ಪಠ್ಯಪುಸ್ತಕ ಬರೆಯುವವರು ಒಕಾಪಿ, ಸ್ಯಾಮೋಥೀರಿಯಂ, ಜಿರಾಫೆಗಳ ಮೂರನೇ ಕುತ್ತಿಗೆ ಮೂಳೆಯನ್ನು ಅಕ್ಕಪಕ್ಕ ಇಟ್ಟ ಒಂದು ಚಿತ್ರವನ್ನಾದರೂ ಸೇರಿಸಲಿ. ತಮ್ಮ ವಿಜ್ಞಾನ ಪುಟದಲ್ಲೂ ಮುಂದಿನ ಸಲ ಜಿರಾಫೆಯ ವಿಷಯ ಬಂದಾಗ ಶಿವಾಥೀರಿಯಂನ ತಲೆಬುರುಡೆಗೆ ಜಾಗ ಕೊಡಬೇಕೆಂದು ವಿನಂತಿ.

ಇಂತಿ,
ತಮ್ಮ ಓದುಗ