ಬೆಂಕಿಯ ಕಾಲದಲ್ಲಿ ಕಾಡಿಗೆ ಕ್ಯಾಮೆರಾ ಬೇಡ

ಸಂಪಾದಕರೇ,

ಟಿವಿಯಲ್ಲಿ ಕಾಡಿನ ಸಾಹಸದ ಕಾರ್ಯಕ್ರಮ ಬಂದರೆ ನಮ್ಮ ಮನೆಯಲ್ಲಿ ಯಾರೂ ಚಾನೆಲ್ ಬದಲಿಸುವುದಿಲ್ಲ. ನನಗೂ ಅವು ಇಷ್ಟ. ಆದರೆ 2020ರ ಜನವರಿಯಲ್ಲಿ ರಜನಿಕಾಂತ್ ಮತ್ತು ಟಿವಿ ಸಾಹಸಿ ಬೇರ್ ಗ್ರಿಲ್ಸ್ ಬಂಡೀಪುರದಲ್ಲಿ ಶೂಟಿಂಗ್ ಮಾಡಿದಾಗ, ಬೆಂಕಿಯ ಕಾಲದಲ್ಲಿ ಕಾಡಿನಲ್ಲಿ ಶೂಟಿಂಗ್ ಬೇಕೇ ಎಂದು ಎದ್ದ ಪ್ರಶ್ನೆಯನ್ನು ನಾವು ಸುಮ್ನೆ ಮರೆತುಬಿಟ್ಟೆವು.

ಅದರ ಹಿಂದಿನ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಿತ್ತು. ಹುಲ್ಲು ಒಣಗಿ, ಲಂಟಾನ ಪೊದೆಗಳು ಕಿಡಿಗಾಗಿ ಕಾದಂತೆ ನಿಲ್ಲುವ ಕಾಲ ಅದು, ಬೆಂಕಿ ಹರಡದಂತೆ ಹುಲ್ಲು-ಪೊದೆ ತೆಗೆದು ಬೆಂಕಿ ರೇಖೆ ಮಾಡಿ ಹಗಲು ರಾತ್ರಿ ಕಾಯುವ ಸಿಬ್ಬಂದಿಯ ಗಮನ ಆಗ ಬೇರೆ ಕಡೆ ಹೋಗಬಾರದು ಎಂದು ಪರಿಸರ ಪ್ರಿಯರು ಹೇಳಿದ್ದು ನ್ಯಾಯವೇ ಅಲ್ವಾ?

ಇಂಥ ಕಾರ್ಯಕ್ರಮ ನೋಡಿ ಕಾಡಿನ ಮೇಲೆ ಪ್ರೀತಿ ಹುಟ್ಟುತ್ತದೆ, ನಿಜ. ನನ್ನ ಮಗಳಿಗೆ ಹುಟ್ಟಿದ್ದೂ ಹಾಗೆಯೇ. ಆದರೆ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಯಾಕೆ ಬಿಡುವುದಿಲ್ಲ ಎಂದರೆ ಅವಳಿಗೆ ಗೊತ್ತಿರಲಿಲ್ಲ. ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು ಎಂದು ನಾನೇ ಹೇಳಬೇಕಾಯಿತು.

ಅರಣ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಜನವರಿಯಿಂದ ಮಳೆ ಬರುವವರೆಗೆ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಯಾವ ಶೂಟಿಂಗಿಗೂ ಅನುಮತಿ ಕೊಡಬೇಡಿ. ಉಳಿದ ತಿಂಗಳಲ್ಲಿ ಕೊಟ್ಟರೆ, ಬೆಂಕಿ ಆರಿಸುವ ವಾಚರ್‌ಗಳ ದಿನಚರಿಯನ್ನೂ ತೋರಿಸಲು ಹೇಳಿ.

— ಓದುಗ, ಮೈಸೂರು